ತರಗತಿಯಲ್ಲಿ ಜಾತಿ ವಿಷಯ ಎತ್ತಿದರೆ ಭೇದಭಾವ ಜಾಸ್ತಿ ಆಗಲ್ವಾ?

ಇಲ್ಲ. ಮಕ್ಕಳು ಅದನ್ನು ಮನೆಯಿಂದಲೇ ತಂದಿರುತ್ತಾರೆ. ಯಾರ ಮನೆ ನೀರು ಕುಡಿಯಬಾರದು ಅಂತ ಎಷ್ಟೋ ಊರುಗಳಲ್ಲಿ ಒಂದನೇ ಕ್ಲಾಸಿನ ಮಗುವಿಗೂ ಗೊತ್ತಿರುತ್ತದೆ. ನಾವು ಸುಮ್ನಿದ್ದರೆ ಅದು ಹಾಗೇ ಉಳಿಯುತ್ತದೆ, ಅಷ್ಟೇ.

1973ರ ಬೂಸಾ ಪ್ರಕರಣ ನೋಡಿ. ಆಗ ಸಚಿವರಾಗಿದ್ದ ದಲಿತ ನಾಯಕ ಬಿ. ಬಸವಲಿಂಗಪ್ಪ ಮೈಸೂರಿನಲ್ಲಿ, ಕನ್ನಡ ಸಾಹಿತ್ಯದಲ್ಲಿ ಹೆಚ್ಚಿನದು ಬೂಸಾ ಎಂದರು. ಒಪ್ಪದವರು ವಾದ ಮಾಡಬಹುದಿತ್ತು, ಅಲ್ವಾ? ಆದರೆ ಕಾಲೇಜು ಹುಡುಗರು ಬೀದಿಗಿಳಿದರು, ಏನೂ ಹೇಳದ ದಲಿತ ವಿದ್ಯಾರ್ಥಿಗಳ ಮೇಲೂ ಹಲ್ಲೆ ನಡೆಯಿತು, ಕೊನೆಗೆ ಬಸವಲಿಂಗಪ್ಪನವರು ರಾಜೀನಾಮೆ ಕೊಡಬೇಕಾಯಿತು. ಓದಿದವರ ಮನಸ್ಸಿನಲ್ಲೇ ಏನೆಲ್ಲ ತುಂಬಿತ್ತು ಅನ್ನುವುದು ಆಗ ಬಯಲಾಯಿತು. ದಲಿತ ಸಂಘರ್ಷ ಸಮಿತಿ ಹುಟ್ಟಿದ್ದಕ್ಕೆ ಆ ಸಿಟ್ಟೂ ಒಂದು ಕಾರಣ.

ಹಾಗಾಗಿ ತರಗತಿಯಲ್ಲಿ ಯಾವ ಪ್ರಶ್ನೆ ಬೇಕಾದರೂ ಬರಲಿ, ಎದುರು ವಾದವೂ ಬರಲಿ. ಒಬ್ಬ ಹುಡುಗನ ಜಾತಿ ಹಿಡಿದು ಕೆಣಕಿದರೆ ಮಾತ್ರ ಮೇಷ್ಟ್ರು ಅಲ್ಲೇ ತಡೆಯಬೇಕು.