ಮಗನ ಬೆಟ್ಟಿಂಗ್, ಅಳಿಯನ ಉಪಕಾರ

ಬ್ರಹ್ಮಾವರ ಕಡೆಯ ತಾಯಿಯೊಬ್ಬರು ನಾಲ್ಕು ಪುಟ ಬರೆದಿದ್ದಾರೆ. ಮಗನಿಗೆ 22 ವರ್ಷ. ಮಂಗಳೂರು ವಲಯದ ಲೀಗ್‌ನಲ್ಲಿ ಆರಂಭಿಕ ಬ್ಯಾಟರ್. ರಾಜ್ಯದ ಟಿ20 ಹರಾಜಿನಲ್ಲಿ ಈ ಸಲವಾದರೂ ಹೆಸರು ಬಂದೀತು ಎಂದು ಮನೆಯವರೆಲ್ಲ ಕಾದಿದ್ದಾರೆ. ಅಷ್ಟರಲ್ಲಿ ಅವನ ಫೋನಿನಲ್ಲಿ ಬೆಟ್ಟಿಂಗ್ ಐಡಿ, ಅಂದರೆ ಆನ್‌ಲೈನಿನಲ್ಲಿ ಬೆಟ್ ಕಟ್ಟುವ ಖಾತೆ ಸಿಕ್ಕಿದೆ. ಐಪಿಎಲ್ ಪಂದ್ಯಗಳಿಗೆ ಹಣ ಕಟ್ಟಿ ಕಳಕೊಂಡಿದ್ದಾನೆ. ತಾನು ಆಡಿದ ಪಂದ್ಯಕ್ಕೆ ಒಂದು ರೂಪಾಯಿಯೂ ಕಟ್ಟಿಲ್ಲ ಎಂದು ಮಂಜುನಾಥನ ಆಣೆ ಹಾಕಿದ್ದಾನೆ. "ಇಷ್ಟಕ್ಕೇ ಆಜೀವ ನಿಷೇಧ ಹಾಕ್ತಾರಾ? ಅದು ನ್ಯಾಯವಾ? ನಾವಾಗಿ ಹೇಳಬೇಕಾ, ಸುಮ್ಮನಿರಬೇಕಾ?" ಎಂಬುದು ತಾಯಿಯ ಪ್ರಶ್ನೆ. ಕೋಚ್ ಹತ್ತಿರ ಕೇಳಿದ್ದಕ್ಕೆ, "ಸೀಸನ್ ಮುಗಿಯಲಿ, ಆಮೇಲೆ ನೋಡುವ" ಎಂದರಂತೆ.

ಪತ್ರದ ಮೂರೂವರೆ ಪುಟ ಮಗನದ್ದೇ. ಅಳಿಯನಿಗೆ ಸಿಕ್ಕಿದ್ದು ಮೂರು ಸಾಲು, ಅದೂ ಹೊಗಳಿಕೆ: "ಮಗಳ ಗಂಡ ಪಾಪ ಒಳ್ಳೆಯವರು, ₹38,000 ಬಾಕಿ ಇದ್ದದ್ದನ್ನು ಅವರೇ ತೀರಿಸಿದರು. ಕ್ರಿಕೆಟ್ ಹುಚ್ಚು ಅವರಿಗೂ ಉಂಟು. ಪಂದ್ಯದ ಹಿಂದಿನ ರಾತ್ರಿ ಫೋನ್ ಮಾಡಿ ನಾಳೆ ಯಾರು ಯಾರು ಆಡ್ತಾರೆ ಅಂತ ಕೇಳ್ತಾರೆ, ಮೈದಾನಕ್ಕೆ ಬಂದರೂ ಕಿವಿಯಿಂದ ಫೋನ್ ಇಳಿಸುವುದಿಲ್ಲ."

ಅಮ್ಮಾ, ಇದನ್ನು ಓದಿದ ಮೇಲೆ ನಿಮ್ಮ ಮಗನ ಐಪಿಎಲ್ ಬೆಟ್ಟಿಂಗ್ ನನಗೆ ಸಣ್ಣ ವಿಷಯವಾಗಿ ಕಂಡಿತು. ಕ್ರಿಕೆಟ್ ಹುಚ್ಚಿನವರು ಪಂದ್ಯ ಮುಗಿದ ಮೇಲೆ "ಎಷ್ಟು ಹೊಡೆದೆ" ಎಂದು ಕೇಳುತ್ತಾರೆ. ಹಿಂದಿನ ರಾತ್ರಿಯೇ ಹನ್ನೊಂದರ ಪಟ್ಟಿ ಕೇಳುವವರ ಹುಚ್ಚೇ ಬೇರೆ.

ಆ ಪಟ್ಟಿಗೆ ಬೆಲೆ ಹೇಗೆ ಬರುತ್ತದೆ ನೋಡಿ. ಬೆಟ್ಟಿಂಗ್‌ನಲ್ಲಿ ಗೆಲ್ಲುವ ತಂಡಕ್ಕೆ ಕಟ್ಟುವುದು ಒಂದು ಬಗೆ. ಇನ್ನೊಂದು ಸೆಷನ್, ಅಂದರೆ ಮೊದಲ ಆರು ಓವರಿನಲ್ಲಿ ಎಷ್ಟು ರನ್ ಬರುತ್ತದೆ ಎಂಬುದಕ್ಕೆ ಕಟ್ಟುವುದು. ಬುಕ್ಕಿ 46–47 ಎಂದು ತೆರೆದ ಎಂದುಕೊಳ್ಳಿ. 47 ದಾಟುತ್ತದೆ ಅಥವಾ ಅಷ್ಟಕ್ಕೆ ಬರುತ್ತದೆ ಎನ್ನುವವನದು 'ಯೆಸ್', 46 ಮುಟ್ಟುವುದಿಲ್ಲ ಎನ್ನುವವನದು 'ನಾಟ್'. ಈಗ, ಬಡಿದಾಡುವ ಆರಂಭಿಕನಿಗೆ ತೊಡೆಯ ಸ್ನಾಯು ಹಿಡಿದಿದೆ, ಅವನ ಬದಲು ನಿಧಾನಕ್ಕೆ ಕುಟ್ಟುವ ಹುಡುಗ ಇಳಿಯುತ್ತಾನೆ ಎಂಬ ಸುದ್ದಿ ಡ್ರೆಸಿಂಗ್ ರೂಮಿನಲ್ಲಷ್ಟೇ ಇದೆ. ಟಾಸ್ ಆಗುವವರೆಗೆ ಹೊರಗಿನವರಿಗೆ ಗೊತ್ತಾಗದು. ಹಿಂದಿನ ರಾತ್ರಿಯೇ ಗೊತ್ತಾದವನು ಕಣ್ಣುಮುಚ್ಚಿ 'ನಾಟ್' ಕಟ್ಟುತ್ತಾನೆ. ಇನ್ನು ಮೈದಾನದಲ್ಲಿ ಕಿವಿಗೆ ಅಂಟಿದ ಫೋನಿನ ವಿಚಾರ. ಇಲ್ಲಿ ಬಿದ್ದ ವಿಕೆಟ್ ಯೂಟ್ಯೂಬ್ ಪ್ರಸಾರದಲ್ಲಿ ಬೀಳಲು ಹಲವು ಸೆಕೆಂಡ್ ಹಿಡಿಯುತ್ತದೆ. ಆ ಸೆಕೆಂಡುಗಳಲ್ಲಿ ಹಳೆಯ ರೇಟಿಗೇ ಹಣ ಹಾಕಿಸುವುದು ಒಂದು ದಂಧೆ.

ನಿಮ್ಮ ಪತ್ರದ 'ಬಾಕಿ' ಎಂಬ ಪದದ ಮುಂದೆಯೂ ಸ್ವಲ್ಪ ನಿಲ್ಲಿ. ಯುಪಿಐನಲ್ಲಿ ಮೊದಲೇ ದುಡ್ಡು ಹಾಕಿ ಆಡುವ ಐಡಿಯಲ್ಲಿ ಬಾಕಿ ಉಳಿಯುವುದೇ ಇಲ್ಲ. ಹಾಕಿದ್ದು ಮುಗಿದರೆ ಆಟ ಮುಗಿಯಿತು. ಬಾಕಿ ಆಗುವುದು ಉದ್ರಿ ಐಡಿಯಲ್ಲಿ. ಗುರುತಿನವರು ಯಾರೋ ಹೊಣೆ ನಿಲ್ಲದೆ 22ರ ಹುಡುಗನಿಗೆ ಬುಕ್ಕಿ ಉದ್ರಿ ಕೊಡುವುದಿಲ್ಲ. ಐಡಿ ಮಾಡಿಸಿಕೊಟ್ಟದ್ದು ಯಾರು ಎಂದು ಮಗನನ್ನು ಒಂದು ಮಾತು ಕೇಳಿ. "ಭಾವ" ಎಂದರೆ ನನಗಂತೂ ಆಶ್ಚರ್ಯವಿಲ್ಲ. ನೆಂಟರ ಕೈಸಾಲ ಬ್ಯಾಂಕಿನ ಸಾಲಕ್ಕಿಂತ ದುಬಾರಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಮನೆಮನೆಯಲ್ಲಿ ನಡೆಯುವುದು ಅದೇ. ಆ ₹38,000ದ ಬಡ್ಡಿ ರಾತ್ರಿಯ ಫೋನಿನಲ್ಲಿ ವಸೂಲಾಗುತ್ತಿದೆ. ಇವತ್ತು ಪಟ್ಟಿ, ನಾಳೆ ಪಿಚ್ ಹೇಗುಂಟು ಎಂಬ ವಿಚಾರಣೆ, ನಾಡಿದ್ದು "ಮೊದಲ ಎರಡು ಓವರ್ ಸ್ವಲ್ಪ ನೋಡಿಕೊಂಡು ಆಡು ಮಾರಾಯ".

ಈಗ ನೀವು ಕೇಳಿದ ನ್ಯಾಯದ ಪ್ರಶ್ನೆ. ಕೋಳಿ ಅಂಕದಲ್ಲಿ ನೂರಿನ್ನೂರು ಕಟ್ಟುವುದನ್ನು ದೊಡ್ಡ ಪಾಪವೆಂದು ನಮ್ಮ ಊರು ಎಂದೂ ಎಣಿಸಿಲ್ಲ. ಅದೇ ಧೈರ್ಯದಲ್ಲಿ ನೀವು 'ಇಷ್ಟಕ್ಕೇ' ಎಂದು ಬರೆದಿದ್ದೀರಿ. ಆದರೆ ಅಲ್ಲಿ ಹಣ ಕಟ್ಟುವುದು ಸುತ್ತ ನಿಂತವರು. ಇಲ್ಲಿ ಕೋಳಿಯೇ ಹಣ ಕಟ್ಟಿದೆ.

ಈ ಗೆರೆಯನ್ನು ಅಮೆರಿಕದ ಬೇಸ್‌ಬಾಲ್ ಕ್ರಿಕೆಟ್‌ಗಿಂತ ಚೆನ್ನಾಗಿ ಎಳೆದಿದೆ ಎಂಬುದು ನನ್ನ ಮತ. ತನಗೆ ಸಂಬಂಧವಿಲ್ಲದ ಬೇಸ್‌ಬಾಲ್ ಪಂದ್ಯಕ್ಕೆ ಕಟ್ಟಿದರೆ ಒಂದು ವರ್ಷ ಹೊರಗೆ, ತಾನು ಭಾಗಿಯಾದ ಪಂದ್ಯಕ್ಕೆ ಕಟ್ಟಿದರೆ ಶಾಶ್ವತವಾಗಿ ಹೊರಗೆ. 2024ರ ಜೂನ್‌ನಲ್ಲಿ ಟುಕುಪಿಟಾ ಮಾರ್ಕಾನೊ ಎಂಬ ಆಟಗಾರ ಗಾಯಾಳುಗಳ ಪಟ್ಟಿಯಲ್ಲಿದ್ದುಕೊಂಡೇ ಸ್ವಂತ ತಂಡದ ಪಂದ್ಯಗಳಿಗೆ ಕಟ್ಟಿದ್ದಕ್ಕೆ ಜೀವಮಾನದ ನಿಷೇಧ ಕಂಡ. ಅದೇ ದಿನ ಬೇರೆ ನಾಲ್ವರಿಗೆ ಒಂದೊಂದು ವರ್ಷ. ತಾನೇ ಮ್ಯಾನೇಜರ್ ಆಗಿದ್ದ ತಂಡದ ಪಂದ್ಯಗಳಿಗೆ ಕಟ್ಟಿದ ಹೆಸರಾಂತ ಆಟಗಾರ ಪೀಟ್ ರೋಸ್‌ನನ್ನು 1989ರಲ್ಲಿ ಹೊರಹಾಕಿದರು. 2024ರಲ್ಲಿ ಸತ್ತ. ಸಾವಿನೊಂದಿಗೆ ನಿಷೇಧವೂ ಮುಗಿಯಿತು ಎಂದು ಮರುವರ್ಷ ಮೇ ತಿಂಗಳಲ್ಲಿ ತೀರ್ಮಾನಿಸಿದರು! ಅದು ಅತಿಯಾಯಿತು ಎನ್ನುವವರಿದ್ದಾರೆ, ನಾನು ಅವರ ಪೈಕಿ ಅಲ್ಲ. ಸ್ವಂತ ಪಂದ್ಯಕ್ಕೆ ಕಟ್ಟಿದವನನ್ನು ಮತ್ತೆ ಅಂಗಳಕ್ಕೆ ಬಿಡಬಾರದು. ತಂಡ ಗೆಲ್ಲಲಿ ಎಂದೇ ಕಟ್ಟಿದ್ದರೂ ಅಷ್ಟೇ. ಅವನು ಕಟ್ಟದೆ ಬಿಟ್ಟ ದಿನವೇ ಬುಕ್ಕಿಗೆ ಒಂದು ಸುದ್ದಿ.

ಬೇರೆ ಪಂದ್ಯಕ್ಕೆ ಕಟ್ಟಿದವನ ಮಾತು ಬೇರೆ. ಐಸಿಸಿಯ ಭ್ರಷ್ಟಾಚಾರ ನಿಗ್ರಹ ಸಂಹಿತೆಯಲ್ಲಿ ಫಿಕ್ಸಿಂಗ್‌ಗೆ ಐದು ವರ್ಷದಿಂದ ಆಜೀವದವರೆಗೆ, ಬೆಟ್ಟಿಂಗ್‌ಗೆ ಐದು ವರ್ಷದವರೆಗೆ ನಿಷೇಧ. ಬಿಸಿಸಿಐ ಸಂಹಿತೆಯೂ ಅದೇ ಅಚ್ಚಿನದು. ಇಂಗ್ಲೆಂಡಿನ ವೇಗಿ ಬ್ರೈಡನ್ ಕಾರ್ಸ್ 2017ರಿಂದ 2019ರ ನಡುವೆ ಕ್ರಿಕೆಟ್ ಮೇಲೆ 303 ಬಾರಿ ಹಣ ಕಟ್ಟಿದ್ದ, ಒಂದೂ ತಾನಾಡಿದ ಪಂದ್ಯವಲ್ಲ. 2024ರಲ್ಲಿ 16 ತಿಂಗಳ ನಿಷೇಧ ಹಾಕಿ 13 ತಿಂಗಳನ್ನು ಅಮಾನತಿನಲ್ಲಿಟ್ಟರು, ಅಂದರೆ ಮತ್ತೆ ತಪ್ಪು ಮಾಡಿದರಷ್ಟೇ ಜಾರಿ. ಮೂರು ತಿಂಗಳು ಕೂತು, ಅದೇ ವರ್ಷ ಟೆಸ್ಟ್ ಆಡಿದ. ನಿಮ್ಮ ಮಗ ಹಾಕಿದ ಆಣೆ ನಿಜವಾದರೆ ಅವನ ಬೆಟ್ಟಿಂಗ್ ಈ ಸಾಲಿನದು. ಆಜೀವ ಎಂದು ಹೆದರಿ ನಿದ್ದೆ ಕೆಡಿಸಿಕೊಳ್ಳಬೇಡಿ.

ನಿದ್ದೆ ಕೆಡಬೇಕಾದ್ದು ರಾತ್ರಿಯ ಫೋನಿಗೆ. ಬೆಟ್ಟಿಂಗ್‌ಗೆ ಬಳಕೆಯಾದೀತು ಎಂದು ಗೊತ್ತಿದ್ದು, ಅಥವಾ ಗೊತ್ತಿರಬೇಕಾಗಿದ್ದು, ತಂಡದೊಳಗಿನ ಮಾಹಿತಿ ಕೊಟ್ಟರೆ ಅದೇ ಪ್ರತ್ಯೇಕ ಅಪರಾಧ. ಪೈಸೆ ಮುಟ್ಟಿರಬೇಕೆಂದಿಲ್ಲ. ಯಾರಾದರೂ ಮಾಹಿತಿಗೋ ಫಿಕ್ಸಿಂಗ್‌ಗೋ ಬೆನ್ನುಹತ್ತಿದ್ದನ್ನು ತಿಳಿಸದೆ ಮುಚ್ಚಿಟ್ಟರೆ ಇನ್ನೊಂದು. ಶಕೀಬ್ ಅಲ್ ಹಸನ್ ಫಿಕ್ಸ್ ಮಾಡಿದ್ದು ಎಲ್ಲೂ ಸಾಬೀತಾಗಿಲ್ಲ. ಬುಕ್ಕಿ ಸಂಪರ್ಕಿಸಿದ್ದನ್ನು ಹೇಳದೇ ಇದ್ದುದಕ್ಕೆ 2019ರಲ್ಲಿ ಎರಡು ವರ್ಷ ನಿಷೇಧ, ಒಂದು ವರ್ಷ ಅಮಾನತಿನಲ್ಲಿ. ಆಗ ಅವನು ಬಾಂಗ್ಲಾದೇಶದ ನಾಯಕ. ನಿಮ್ಮ ಕೋಚ್ "ಸೀಸನ್ ಮುಗಿಯಲಿ" ಎಂದದ್ದು ಎಂಥ ಸಲಹೆ ಎಂದು ಈಗ ಗೊತ್ತಾಯಿತಲ್ಲ? ಆ ನಿಯಮಗಳು ಕೋಚ್‌ಗಳನ್ನೂ ಬಿಡುವುದಿಲ್ಲ. ಆ ಮನುಷ್ಯ ಕಾಯುತ್ತಿರುವುದು ನಿಮ್ಮ ಮಗನನ್ನಲ್ಲ, ತನ್ನ ಪಾಯಿಂಟ್ಸ್ ಪಟ್ಟಿಯನ್ನು.

ಸಿಕ್ಕಿಬಿದ್ದ ಮೇಲೆ ಕೋರ್ಟಿಗೆ ಹೋದರಾಯಿತು ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಅಜರುದ್ದೀನ್‌ಗೆ 2000ದಲ್ಲಿ ಬಿದ್ದ ಆಜೀವ ನಿಷೇಧವನ್ನು ಆಂಧ್ರ ಹೈಕೋರ್ಟ್ ತಪ್ಪೆಂದದ್ದು 2012ರಲ್ಲಿ, ಅವರಿಗೆ ಆಗ 49. ಶ್ರೀಶಾಂತ್‌ಗೆ 2013ರಲ್ಲಿ ಬಿದ್ದ ನಿಷೇಧವನ್ನು 2019ರಲ್ಲಿ ಸುಪ್ರೀಂ ಕೋರ್ಟ್ ಮರುಪರಿಶೀಲನೆಗೆ ಕಳಿಸಿತು, ಏಳು ವರ್ಷಕ್ಕೆ ಇಳಿಯಿತು. ಮುಗಿಯುವಾಗ 37. ನಮ್ಮದೇ ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ಫಿಕ್ಸಿಂಗ್ ಪ್ರಕರಣದಲ್ಲಿ 2019ರಲ್ಲಿ ಬೆಂಗಳೂರು ಸಿಸಿಬಿ ಪೊಲೀಸರು ಆಟಗಾರರನ್ನು ಬಂಧಿಸಿದರು. ಮ್ಯಾಚ್ ಫಿಕ್ಸಿಂಗ್ ಐಪಿಸಿ 420ರ ವಂಚನೆಯಾಗದು ಎಂದು 2022ರಲ್ಲಿ ಹೈಕೋರ್ಟ್ ಹೇಳಿತು, ಶಿಸ್ತುಕ್ರಮದ ಬಾಗಿಲನ್ನು ಕ್ರಿಕೆಟ್ ಮಂಡಳಿಗೆ ತೆರೆದೇ ಇಟ್ಟಿತು. ಕೇಸು ಬಿದ್ದುಹೋದರೂ ಬ್ಯಾಟರ್‌ಗೆ ಕಳೆದ ವರ್ಷಗಳು ವಾಪಸ್ ಬರುವುದಿಲ್ಲ.

ಆದ್ದರಿಂದ ಮಾಡಬೇಕಾದ್ದು ಒಂದೇ. ಮುಂದಿನ ಪಂದ್ಯದ ಪಟ್ಟಿ ಹೊರಬೀಳುವ ಮೊದಲು ಮಗ ತಾನೇ ಬರೆದು ಒಪ್ಪಿಸಬೇಕು. ನೀವು ಬರೆಯಬೇಡಿ, ಕೋಚ್ ಕೈಯಲ್ಲಿ ಕೊಡಬೇಡಿ. ರಾಜ್ಯ ಕ್ರಿಕೆಟ್ ಸಂಸ್ಥೆಯ (ಕೆಎಸ್‌ಸಿಎ) ಮಂಗಳೂರು ವಲಯದ ಸಂಚಾಲಕರಿಗೆ ಮತ್ತು ಬಿಸಿಸಿಐ ಭ್ರಷ್ಟಾಚಾರ ನಿಗ್ರಹ ಘಟಕಕ್ಕೆ ಇಮೇಲ್ ಹೋಗಲಿ. ಐಡಿ ಯಾವ ನಂಬರಿನಿಂದ ಬಂತು, ಯಾವ ತಾರೀಕಿಗೆ ಎಷ್ಟು ಕಟ್ಟಿದ, ಬಾಕಿ ಯಾರು ತೀರಿಸಿದರು, ಪಟ್ಟಿ ಕೇಳಿ ಬಂದ ಕರೆಗಳು ಯಾವ ಯಾವ ರಾತ್ರಿಯವು, ತಾನು ಏನು ಹೇಳಿದ, ಎಲ್ಲವೂ ಅದರಲ್ಲಿರಬೇಕು. ಅರ್ಧ ಹೇಳಿ ಭಾವನನ್ನು ಉಳಿಸಲು ಹೋದರೆ ತನಿಖೆಯಲ್ಲಿ ಉಳಿದರ್ಧ ಹೊರಬರುತ್ತದೆ, ಆಗ ಒಪ್ಪಿಕೊಂಡದ್ದಕ್ಕೂ ಬೆಲೆಯಿಲ್ಲ. ಚಾಟ್ ಅಳಿಸಬಾರದು, ಫೋನ್ ರೀಸೆಟ್ ಮಾಡಬಾರದು. ಸಾಕ್ಷ್ಯ ನಾಶಕ್ಕೆ ಸಂಹಿತೆಯಲ್ಲಿ ಬೇರೆಯೇ ಶಿಕ್ಷೆ ಇದೆ. ತಾನಾಗಿ ಬೇಗ ಒಪ್ಪಿಕೊಂಡದ್ದು, ಸಹಕರಿಸಿದ್ದು, ಎಳೆಯ ವಯಸ್ಸು, ಅನುಭವ ಸಾಲದಿರುವುದು ಶಿಕ್ಷೆ ತಗ್ಗಿಸುವ ಅಂಶಗಳೆಂದು ಅದೇ ಸಂಹಿತೆ ಹೇಳುತ್ತದೆ. ಇವೆಲ್ಲ ಇವತ್ತು ನಿಮ್ಮ ಮಗನ ಕೈಯಲ್ಲಿವೆ. ಈ ವರ್ಷದ ಹರಾಜು ತಪ್ಪಬಹುದು, ತಪ್ಪಲಿ.

₹38,000ವನ್ನು ಅಳಿಯನಿಗೆ ಹಿಂತಿರುಗಿಸಿ, ಸೊಸೈಟಿಯಲ್ಲಿ ಬಳೆ ಇಡಬೇಕಾದರೂ ಸರಿ. ನಗದು ಬೇಡ, ಬ್ಯಾಂಕ್ ಮೂಲಕವೇ ಹೋಗಲಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆಯಲ್ಲಿ ಹಣವಿಟ್ಟು ಆಡಿದವನಿಗೆ ಶಿಕ್ಷೆ ಇಲ್ಲ, ಆಡಿಸುವವನಿಗೆ ಮೂರು ವರ್ಷದವರೆಗೆ ಜೈಲು, ₹1 ಕೋಟಿವರೆಗೆ ದಂಡ. ಐಡಿ ಹಂಚುವುದು ಅಳಿಯನೇ ಆಗಿದ್ದರೆ ವಕೀಲರು ಬೇಕಾಗುವುದು ಅವರಿಗೆ. ಮಗಳ ಸಂಸಾರ ಎಂದು ನಿಮ್ಮ ಕೈ ನಡುಗುತ್ತದೆ, ಗೊತ್ತು. ಮಗಳಿಗೆ ಎಲ್ಲವನ್ನೂ ಹೇಳಲೇಬೇಕು, ಆದರೆ ಮಗನ ಇಮೇಲ್ ಹೋದ ಮೇಲೆ. ಮೊದಲೇ ಹೇಳಿದರೆ ಅಳಿಯ ಸಂಜೆಯೊಳಗೆ ಮನೆಗೆ ಬಂದು ಹುಡುಗನನ್ನು ಕೂರಿಸಿಕೊಂಡು ಮಾತಾಡುತ್ತಾರೆ, ಆ ಇಮೇಲ್ ಮತ್ತೆ ಹೋಗುವುದಿಲ್ಲ.