ಅಡುಗೆಮನೆ ಬಿಡಿ, ಮೊದಲು ಮಾಡು (ಛಾವಣಿ) ನೋಡಿ

ಉಡುಪಿಯ ಹಳೇ ಹಂಚಿನ ಮನೆ ಮಾರುವ ಮುಂಚೆ ಮಾಡ್ಯುಲರ್ ಕಿಚನ್ ಹಾಕಿಸಬೇಕಾ ಅಂತ ಕೇಳಿದ್ದೀರಿ. ಬೇಡ. ಕೊಳ್ಳುವವರು ಅದನ್ನು ತಮಗೆ ಬೇಕಾದ ಹಾಗೆ ಮಾಡಿಸಿಕೊಳ್ಳುತ್ತಾರೆ, ಸುಮ್ನೆ ಖರ್ಚು. ಆ ದುಡ್ಡನ್ನು ಮಾಡಿಗೆ ಹಾಕಿ.

ಒಡೆದ ಹಂಚು ಬದಲಿಸುವಾಗ ಅದನ್ನು ಹೊರುವ ಮರದ ಪಕ್ಕಾಸು (ಇಳಿಜಾರು ತೊಲೆ), ರೀಪು (ಅಡ್ಡಪಟ್ಟಿ) ಇವನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ. ಸಲೀಸಾಗಿ ಒಳಗೆ ಹೋದರೆ ಮರ ಟೊಳ್ಳಾಗಿದೆ, ಬದಲಿಸಲೇಬೇಕು. ನಮ್ಮ ಮನೆ ನೋಡಲು ಬಂದವರೆಲ್ಲ ಮೊದಲು ತಲೆ ಎತ್ತಿ ನೋಡಿದ್ದು ಅಲ್ಲಿಗೇ.

ಮಳೆಗಾಲ ಮುಗಿದ ಕೂಡಲೇ ಬಣ್ಣ ಹೊಡೆಸಬೇಡಿ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗೋಡೆ ನೀರು ಹೀರಿಕೊಂಡಿರುತ್ತದೆ. ಡಿಸೆಂಬರ್‌ವರೆಗೆ ಒಣಗಲಿ. ಇಲ್ಲದಿದ್ದರೆ ಬಣ್ಣ ಗುಳ್ಳೆ ಎದ್ದು ಉದುರುತ್ತದೆ. ಸೋರಿಕೆ ಮುಚ್ಚಿಟ್ಟಿದ್ದೀರಿ ಅಂತ ಅನುಮಾನ ಬರುತ್ತದೆ, ಅಲ್ವಾ? ಬಾವಿಯ ಕೆಸರು ಏಪ್ರಿಲ್‌ನಲ್ಲಿ, ನೀರು ಇಳಿದಾಗ ತೆಗೆಸಿ. ಇ-ಖಾತಾ (ಆಸ್ತಿಯ ಡಿಜಿಟಲ್ ಖಾತೆ), ಇಸಿ (ಆಸ್ತಿಯ ಮೇಲಿನ ಸಾಲ, ವಹಿವಾಟು ತೋರಿಸುವ ಋಣಭಾರ ಪತ್ರ) ಮಾತ್ರ ಈಗಲೇ ಮಾಡಿಸಿಡಿ.