ಮುಖದೊಳಗೆ ಗೋಡೆ ಕಾಣಿಸುವುದೇಕೆ

ಕರಡಿ ಎಂಬ ಚರ್ಮವಾದ್ಯ ಬಾರಿಸುವ ಜನಪದ ಮೇಳವಾದ ಕರಡಿ ಮಜಲಿನ ವಾದಕರೊಬ್ಬರ ಮೂರು ಭಂಗಿಗಳನ್ನು ಫ್ಲ್ಯಾಶ್ ಬಳಸಿ ಒಂದೇ ಚಿತ್ರಕ್ಕೆ ತರಲು ಹೋದರೆ ಮುಖದೊಳಗಿಂದ ಗುಡಿಯ ಗೋಡೆ ಕಾಣುತ್ತಿದೆ ಎಂದು ಜಮಖಂಡಿಯ ಗೆಳೆಯರು ಕೇಳಿದ್ದಾರೆ. ನಿಮ್ಮ ಕ್ಯಾಮೆರಾ ಕೆಟ್ಟಿಲ್ಲ. ತೊಂದರೆ ಇರುವುದು ಆ ಸುಣ್ಣದ ಗೋಡೆಯಲ್ಲಿ.

ಒಂದೇ ಚಿತ್ರದಲ್ಲಿ ಹಲವು ಸಲ ಬೆಳಕು ಹಿಡಿಯುವ ಮಲ್ಟಿಪಲ್ ಎಕ್ಸ್‌ಪೋಷರ್‌ನಲ್ಲಿ ಬೆಳಕಿನ ಮೇಲೆ ಬೆಳಕು ಕೂಡುತ್ತಾ ಹೋಗುತ್ತದೆ. ಕಪ್ಪಿನ ಮೇಲೆ ಬಿದ್ದ ಮುಖ ಗಟ್ಟಿಯಾಗಿ ಉಳಿಯುತ್ತದೆ, ಬೆಳಗಿದ ಗೋಡೆಯ ಮೇಲೆ ಬಿದ್ದದ್ದು ಅದರೊಂದಿಗೆ ಬೆರೆಯುತ್ತದೆ. ನಿಮ್ಮ ಫ್ಲ್ಯಾಶ್ ಮೂರು ಸಲವೂ ಗೋಡೆಯನ್ನು ಬೆಳಗಿದೆ.

ಕತ್ತಲಾದ ಮೇಲೆ ಊರಾಚೆಯ ಕಣಕ್ಕೆ ಹೋಗಿ, ಬೆನ್ನ ಹಿಂದೆ ಬರೀ ಬಯಲು ಇರಲಿ. ಗುಡಿಯ ಅಂಗಳವೇ ಬೇಕೆಂದರೆ ನಮ್ಮ ಕುರುಬರ ಕರಿ ಕಂಬಳಿ ಕಟ್ಟಿ. ಉಣ್ಣೆ ಬೆಳಕನ್ನು ನುಂಗುವಂತೆ ಯಾವ ಸ್ಟುಡಿಯೋ ಪರದೆಯೂ ನುಂಗಿದ್ದನ್ನು ನಾನು ಕಂಡಿಲ್ಲ. ಫ್ಲ್ಯಾಶನ್ನು ಕ್ಯಾಮೆರಾದ ಮೇಲಿನಿಂದ ಇಳಿಸಿ ಪಕ್ಕಕ್ಕೆ ಇಡಿ. ಫ್ಲ್ಯಾಶಿನಿಂದ ವಾದಕರು 5 ಅಡಿ, ಕಂಬಳಿ 15 ಅಡಿ ದೂರದಲ್ಲಿದ್ದರೆ ಕಂಬಳಿಗೆ ತಲುಪುವುದು ಒಂಬತ್ತರಲ್ಲಿ ಒಂದು ಪಾಲು ಬೆಳಕು ಮಾತ್ರ.

ಐಎಸ್‌ಒ 100, ಎಫ್ 8, ಶಟರ್ 1/200ರಿಂದ ಶುರು ಮಾಡಿ. ಫ್ಲ್ಯಾಶಿನ ಶಕ್ತಿಯನ್ನು ಕ್ಯಾಮೆರಾವೇ ಅಳೆದು ನಿರ್ಧರಿಸುವ ಟಿಟಿಎಲ್ ಬೇಡ, ಪ್ರತಿ ಭಂಗಿಗೂ ಅದು ಬೆಳಕನ್ನು ಬದಲಿಸುತ್ತದೆ. ಮ್ಯಾನುಯಲ್‌ನಲ್ಲಿ 1/8 ಅಥವಾ 1/16 ಶಕ್ತಿ ಇಡಿ. ಶಕ್ತಿ ಕಡಿಮೆಯಾದಷ್ಟೂ ಮಿಂಚಿನ ಅವಧಿ ಚಿಕ್ಕದಾಗುತ್ತದೆ, ಕರಡಿಯ ಮೇಲೆ ಬೀಳುವ ಕೋಲು ಗಾಳಿಯಲ್ಲೇ ನಿಂತಂತೆ ಸಿಗುತ್ತದೆ.

ಇನ್ನೊಂದು ಮುಖ್ಯ ಮಾತು. ನಿಕಾನ್‌ನಲ್ಲಿ ಆಟೋ ಗೇನ್ ಆಫ್ ಮಾಡಿ, ಕ್ಯಾನನ್‌ನಲ್ಲಿ ಆ್ಯವರೇಜ್ ಬಿಟ್ಟು ಅಡಿಟಿವ್ ಆರಿಸಿ. ಇಲ್ಲವಾದರೆ ಕ್ಯಾಮೆರಾ ಪ್ರತಿ ಭಂಗಿಯ ಬೆಳಕನ್ನು ಮೂರರಿಂದ ಭಾಗಿಸುತ್ತದೆ, ಕಪ್ಪಿನ ಮೇಲಿನ ಮುಖಗಳೆಲ್ಲ ಮಂಕಾಗುತ್ತವೆ. ಆದರೆ ಬಿಳಿ ಧೋತರದ ಮೇಲೆ ಧೋತರ ಬೀಳುವಂತಿದ್ದರೆ ಒಂದು ಸ್ಟಾಪ್, ಅಂದರೆ ಅರ್ಧದಷ್ಟು ಬೆಳಕು, ಕಡಿಮೆ ಮಾಡಿಕೊಳ್ಳಿ, ಇಲ್ಲವಾದರೆ ನೆರಿಗೆ ಬರೀ ಬಿಳಿಯಾಗಿ ಸುಟ್ಟುಹೋಗುತ್ತದೆ. ನೆಲದ ಮೇಲೆ ಮೂರು ಕಲ್ಲಿಟ್ಟು ನಿಲ್ಲುವ ಜಾಗ ಗುರುತು ಮಾಡುವುದು ಇದಕ್ಕಿಂತ ಒಳ್ಳೆಯದು. ಹಳೆಯ ನಿಕಾನ್‌ಗಳಲ್ಲಿ 30 ಸೆಕೆಂಡ್ ಏನೂ ಮಾಡದಿದ್ದರೆ ಸರಣಿ ಮುಗಿದುಬಿಡುತ್ತದೆ, ಭಂಗಿಗಳನ್ನು ಮೊದಲೇ ಹೇಳಿಕೊಡಿ.

ಕ್ಯಾಮೆರಾದಲ್ಲಿ ಈ ಸೌಲಭ್ಯವೇ ಇಲ್ಲದವರು ಕಣದ ಕತ್ತಲೆಯಲ್ಲಿ ಟ್ರೈಪಾಡ್ ಮೇಲೆ ಶಟರನ್ನು 15 ಸೆಕೆಂಡ್ ತೆರೆದಿಟ್ಟು, ವಾದಕರು ಒಂದೊಂದು ಕಲ್ಲಿನ ಬಳಿ ನಿಂತಾಗ ಫ್ಲ್ಯಾಶಿನ ಟೆಸ್ಟ್ ಗುಂಡಿಯನ್ನು ಒತ್ತಬಹುದು. ಒಂದರಿಂದ ಇನ್ನೊಂದಕ್ಕೆ ನಡೆಯುವಾಗ ಯಾರೂ ಮೊಬೈಲ್ ಬೆಳಕು ಹಚ್ಚದಂತೆ ನೋಡಿಕೊಳ್ಳಿ.